ಹಳೆಯ ಧ್ವನಿಯಂತ್ರಗಳ ರಫ್ತು: ಬೆಲೆ, ದಾಖಲೆ ಮತ್ತು ಹೊಣೆಗಾರಿಕೆ

ಬಳ್ಳಾರಿ ಜಿಲ್ಲೆಯ ವಾಣಿಜ್ಯವೆಂದೊಡನೆ ನೆನಪಿಗೆ ಬರುವುದು ಅದಿರು, ಉಕ್ಕು, ಜೀನ್ಸ್ ಉಡುಪು, ಸಿರುಗುಪ್ಪದ ಅಕ್ಕಿ ಗಿರಣಿಗಳು ಹಾಗೂ ಕುರುಗೋಡು ಭಾಗದ ಮೆಣಸಿನಕಾಯಿ. ಇವುಗಳ ಸಾಲಿನಲ್ಲಿ ಯಾರೂ ಎಣಿಸದ ಒಂದು ಸರಕು ಹಳೆಯ ಮನೆಗಳ ಅಟ್ಟದಲ್ಲಿ, ಮುಚ್ಚಿದ ಚಿತ್ರಮಂದಿರಗಳ ಯಂತ್ರದ ಕೋಣೆಯಲ್ಲಿ, ರೇಡಿಯೋ ದುರಸ್ತಿ ಅಂಗಡಿಗಳ ಕಪಾಟಿನಲ್ಲಿ ಧೂಳು ಹಿಡಿದು ಉಳಿದಿರಬಹುದು. ಅದೇ ಉತ್ತಮ ದರ್ಜೆಯ ಹಳೆಯ ಧ್ವನಿಯಂತ್ರ: ವಾಲ್ವ್ ಆಂಪ್ಲಿಫೈಯರ್, ಟರ್ನ್‌ಟೇಬಲ್, ಹಾರ್ನ್ ಸ್ಪೀಕರ್ ಮತ್ತು ಬಳಸದೆ ಉಳಿದ ವಾಲ್ವ್‌ಗಳು. ಇವುಗಳನ್ನು ಅರಸಿ ಕೊಳ್ಳುವ ಗ್ರಾಹಕರು ಜಪಾನ್, ಯೂರೋಪ್ ಹಾಗೂ ಅಮೆರಿಕದಲ್ಲಿದ್ದಾರೆ.

ಇಂತಹ ವ್ಯವಹಾರದಲ್ಲಿ ಲಾಭವಿಲ್ಲವೆಂದಲ್ಲ. ಆದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವನ್ನೇ ಲಾಭವೆಂದು ಎಣಿಸುವ ವರ್ತಕನು ಒಂದೇ ರವಾನೆಯಲ್ಲಿ ವರ್ಷದ ಗಳಿಕೆಯನ್ನು ಕಳೆದುಕೊಳ್ಳುವ ಸಂಭವವುಂಟು. ಆದಕಾರಣ ಈ ವ್ಯಾಪಾರದ ಸ್ವರೂಪ, ಕಾನೂನು ಮತ್ತು ಲೆಕ್ಕಗಳನ್ನು ಕ್ರಮವಾಗಿ ಪರಿಶೀಲಿಸುವುದು ಉಪಯುಕ್ತ.

ಬೇಡಿಕೆಯ ಮೂಲ

1950 ಮತ್ತು 60ರ ದಶಕಗಳಲ್ಲಿ ತಯಾರಾದ ಕೆಲವು ಯಂತ್ರಗಳಿಗೆ ಇಂದಿಗೂ ಹೆಸರಿದೆ. ಬ್ರಿಟನ್ನಿನ ಗ್ಯಾರಾರ್ಡ್ 301 ಹಾಗೂ 1965ರಲ್ಲಿ ಬಂದ 401 ಟರ್ನ್‌ಟೇಬಲ್‌ಗಳು, 1957ರ ಕ್ವಾಡ್ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್, 1961ರ ಮ್ಯಾಕಿಂತೋಷ್ ಎಂಸಿ 275 ಆಂಪ್ಲಿಫೈಯರ್ ಇದಕ್ಕೆ ಉದಾಹರಣೆಗಳು. ಚಿತ್ರಮಂದಿರಗಳಿಗಾಗಿ ತಯಾರಾದ ವೆಸ್ಟರ್ನ್ ಎಲೆಕ್ಟ್ರಿಕ್ ಮತ್ತು ಆಲ್ಟೆಕ್ ಉಪಕರಣಗಳನ್ನು ಜಪಾನಿನ ಸಂಗ್ರಾಹಕರು ದಶಕಗಳಿಂದ ಹುಡುಕಿ ಕೊಳ್ಳುತ್ತ ಬಂದಿದ್ದಾರೆ.

ಕರ್ನಾಟಕಕ್ಕೂ ಇದರಲ್ಲಿ ಒಂದು ಪಾಲಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ‘ಬಿ.ಇ.ಎಲ್.’ ಗುರುತಿನ ಇ.ಸಿ.ಸಿ. 83, ಇ.ಎಲ್. 84 ಮೊದಲಾದ ವಾಲ್ವ್‌ಗಳು ಡಬ್ಬಿ ಒಡೆಯದ ಸ್ಥಿತಿಯಲ್ಲಿ ದೊರೆತರೆ ವಿದೇಶದ ಸಂಗೀತಪ್ರಿಯರೂ ಗಿಟಾರ್ ವಾದಕರೂ ಅವನ್ನು ಕೊಳ್ಳುತ್ತಾರೆ. ರೇಡಿಯೋ ದುರಸ್ತಿ ಅಂಗಡಿಯ ಹಳೆಯ ದಾಸ್ತಾನನ್ನು ಗುಜರಿಗೆ ತೂಕದ ಮೇಲೆ ಕೊಡುವ ಮೊದಲು ಇದನ್ನು ಗಮನಿಸುವುದು ಒಳಿತು.

ಕೊಳ್ಳುವಾಗಲೇ ಆರಂಭವಾಗುವ ದಾಖಲೆ

ಸೋನಾ ಮಸೂರಿ ಅಕ್ಕಿಯನ್ನು ಮಾದರಿ ನೋಡಿ ಕೊಳ್ಳಬಹುದು. ಒಂದು ಚೀಲದಂತೆಯೇ ಇನ್ನೊಂದು ಚೀಲ. ಹಳೆಯ ಯಂತ್ರದಲ್ಲಿ ಪ್ರತಿಯೊಂದೂ ಬೇರೆ. ಆದ್ದರಿಂದ ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕ ಖರೀದಿ ಚೀಟಿ ಇರತಕ್ಕದ್ದು. ಅದರಲ್ಲಿ ಮಾರಿದವರ ಹೆಸರು, ವಿಳಾಸ, ಗುರುತಿನ ದಾಖಲೆ, ಯಂತ್ರದ ಮಾದರಿ, ಕ್ರಮಸಂಖ್ಯೆ, ಬೆಲೆ ಮತ್ತು ಸಹಿ ಇರಬೇಕು. ಕಳವಿನ ಮಾಲೆಂಬ ಆರೋಪ ಬಂದಲ್ಲಿ ವರ್ತಕನನ್ನು ಕಾಯುವುದು ಈ ಚೀಟಿಯೇ.

ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿ ಮಾಡುವುದು ಕ್ಷೇಮ. ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟಲ್ಲಿ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಒಪ್ಪಲಾಗುವುದಿಲ್ಲ. ಹಾಗಾದಾಗ ಖರೀದಿಯ ಪೂರ್ತಿ ಮೊತ್ತವೇ ಲಾಭವೆಂದು ಪರಿಗಣಿತವಾಗಿ ಅದರ ಮೇಲೆ ತೆರಿಗೆ ಬೀಳುತ್ತದೆ.

ಮನೆಯವರು ತಾವು ಬಳಸಿದ ಒಂದು ಸೆಟ್ಟನ್ನು ಮಾರುವುದಕ್ಕೂ ವರ್ತಕನು ಕೊಂಡು ಮಾರುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಮೊದಲನೆಯದು ಸ್ವಂತ ಬಳಕೆಯ ವಸ್ತುವಾದ್ದರಿಂದ ಬಂಡವಾಳ ಲಾಭದ ತೆರಿಗೆಗೆ ಒಳಪಡುವುದಿಲ್ಲ. ಎರಡನೆಯದು ವ್ಯಾಪಾರದ ಆದಾಯ. ಮೊದಲ ವರ್ಷ ಮೂರು ಸೆಟ್ಟು, ಮರುವರ್ಷ ಹತ್ತು ಸೆಟ್ಟು ಮಾರಿದವರು ಅವೆಲ್ಲವೂ ಮನೆಯ ವಸ್ತುಗಳೆಂದು ವಾದಿಸಲಾಗದು.

ಸರಕು ಮತ್ತು ಸೇವಾ ತೆರಿಗೆ

ಬಳಸಿದ ವಸ್ತುಗಳ ವ್ಯಾಪಾರಿಗೆ ಜಿ.ಎಸ್.ಟಿ. ನಿಯಮ 32(5)ರಲ್ಲಿ ಒಂದು ಸೌಲಭ್ಯವಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದೆ, ವಸ್ತುವಿನ ಸ್ವರೂಪ ಬದಲಾಗದಷ್ಟು ಸಣ್ಣ ದುರಸ್ತಿ ಮಾತ್ರ ಮಾಡಿ ಮಾರಿದಲ್ಲಿ, ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಬರುತ್ತದೆ. ಉದಾಹರಣೆಗೆ 1,50,000 ರೂ.ಗೆ ಕೊಂಡ ಸೆಟ್ಟನ್ನು ದೇಶದೊಳಗೆ 2,40,000 ರೂ.ಗೆ ಮಾರಿದರೆ 90,000 ರೂ. ಅಂತರದ ಮೇಲೆ ಶೇ. 18ರಂತೆ 16,200 ರೂ. ತೆರಿಗೆ. ದುರಸ್ತಿಯ ಖರ್ಚನ್ನು ಈ ಅಂತರದಿಂದ ಕಳೆಯುವಂತಿಲ್ಲವೆಂಬುದನ್ನು ಗಮನಿಸಬೇಕು.

ರಫ್ತು ಶೂನ್ಯ ದರದ ಪೂರೈಕೆ. ವರ್ತಕನು ಪ್ರತಿ ಹಣಕಾಸು ವರ್ಷಕ್ಕೆ ಒಮ್ಮೆ ಜಿ.ಎಸ್.ಟಿ. ಆರ್.ಎಫ್.ಡಿ.-11 ನಮೂನೆಯಲ್ಲಿ ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಆದರೆ ಇನ್‌ವಾಯ್ಸ್ ದಿನಾಂಕದಿಂದ 3 ತಿಂಗಳೊಳಗೆ ಸರಕು ದೇಶ ಬಿಡದಿದ್ದಲ್ಲಿ ತೆರಿಗೆಯನ್ನು ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ರಾಜ್ಯದೊಳಗಿನ ಸರಕು ಮಾರಾಟಕ್ಕಿರುವ 40 ಲಕ್ಷ ರೂ. ವಹಿವಾಟಿನ ಮಿತಿಯನ್ನು ನಂಬಿ ನೋಂದಣಿ ಇಲ್ಲದೆ ಕೂರುವಂತಿಲ್ಲ. ರಫ್ತನ್ನು ಕಾನೂನು ಅಂತರರಾಜ್ಯ ಪೂರೈಕೆಯೆಂದೇ ಪರಿಗಣಿಸುತ್ತದೆ.

ರಫ್ತಿನ ಕ್ರಮ

1. ಆಮದು-ರಫ್ತು ಸಂಕೇತ (ಐ.ಇ.ಸಿ.): ಪಾನ್ ಆಧಾರದ ಮೇಲೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ದೊರೆಯುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದರ ವಿವರಗಳನ್ನು ದೃಢೀಕರಿಸದಿದ್ದಲ್ಲಿ ಸಂಕೇತವು ನಿಷ್ಕ್ರಿಯವಾಗುತ್ತದೆ.

2. ಬ್ಯಾಂಕಿನ ಎ.ಡಿ. ಕೋಡ್: ಸರಕು ಹೊರಡುವ ಬಂದರು ಅಥವಾ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಇದನ್ನು ನೋಂದಾಯಿಸಬೇಕು.

3. ಸರಕಿನ ವರ್ಗೀಕರಣ: ಸ್ಪೀಕರ್ ಮತ್ತು ಆಂಪ್ಲಿಫೈಯರ್ 8518, ಟರ್ನ್‌ಟೇಬಲ್ 8519, ಪಿಕಪ್ ಕಾರ್ಟ್ರಿಜ್ ಮೊದಲಾದ ಬಿಡಿಭಾಗಗಳು 8522, ರೇಡಿಯೋ 8527, ವಾಲ್ವ್‌ಗಳು 8540ನೇ ಶೀರ್ಷಿಕೆಯಡಿ ಬರುತ್ತವೆ.

4. ಶಿಪ್ಪಿಂಗ್ ಬಿಲ್: ಇದರಲ್ಲಿ ‘ಬಳಸಿದ ವಸ್ತು’ ಎಂಬುದು, ಮಾದರಿ, ಕ್ರಮಸಂಖ್ಯೆ ಮತ್ತು ತಯಾರಿಕೆಯ ದೇಶ ಸ್ಪಷ್ಟವಾಗಿರಬೇಕು. ಬ್ರಿಟನ್ನಿನಲ್ಲಿ ತಯಾರಾದ ಟರ್ನ್‌ಟೇಬಲ್ ಬಳ್ಳಾರಿಯಿಂದ ಹೊರಟ ಮಾತ್ರಕ್ಕೆ ಭಾರತದ ತಯಾರಿಕೆಯಾಗುವುದಿಲ್ಲ. ಕೊಳ್ಳುವವರ ದೇಶದಲ್ಲಿ ಸುಂಕ ನಿರ್ಧಾರವಾಗುವುದು ಬಹುತೇಕ ತಯಾರಿಕೆಯ ದೇಶದ ಮೇಲೆಯೇ.

5. ಹಣ ವಸೂಲಿ: ರಫ್ತಿನ ಹಣವು ನಿಗದಿತ ಅವಧಿಯೊಳಗೆ ಬ್ಯಾಂಕಿಗೆ ಬರಬೇಕು. ಬಹುಕಾಲ 9 ತಿಂಗಳಿದ್ದ ಈ ಅವಧಿಯನ್ನು ರಿಸರ್ವ್ ಬ್ಯಾಂಕು 2025ರಲ್ಲಿ 15 ತಿಂಗಳಿಗೆ ವಿಸ್ತರಿಸಿತು. ಬಿಡಿ ವಸ್ತುವಿನ ವ್ಯವಹಾರದಲ್ಲಿ ಅಷ್ಟು ಸಾಲ ಕೊಡುವ ಅಗತ್ಯವಿಲ್ಲ. ರವಾನೆಗೆ ಮೊದಲೇ ಪೂರ್ತಿ ಹಣ ಪಡೆಯುವುದೇ ರೂಢಿ.

ವಾಲ್ವ್, ಕಾರ್ಟ್ರಿಜ್‌ನಂತಹ ಹಗುರ ವಸ್ತುಗಳಿಗೆ ಅಂಚೆಯ ಮಾರ್ಗವೂ ಇದೆ. 2022ರಿಂದ ಅಂಚೆ ಇಲಾಖೆಯು ತೆರೆದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ರಫ್ತುದಾರರಿಗಾಗಿಯೇ ರೂಪುಗೊಂಡವು.

ಅಪಾಯದ ಸ್ಥಾನಗಳು

ಮೊದಲನೆಯದು, ವಯಸ್ಸು. 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವು 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯಿದೆಯಡಿ ಪುರಾವಸ್ತುವಾಗಬಹುದು. ಅಂತಹುದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. 1950ರ ಆಂಪ್ಲಿಫೈಯರ್‌ಗೆ ಈ ಭಯವಿಲ್ಲ. ಆದರೆ ಅಜ್ಜನ ಕಾಲದ ಹಿತ್ತಾಳೆ ಕಹಳೆಯ ಗ್ರಾಮಫೋನ್ 1920ರದೆಂದು ಹೆಮ್ಮೆಯಿಂದ ಜಾಹೀರಾತು ಕೊಡುವವರು ತಮ್ಮ ವಿರುದ್ಧ ತಾವೇ ಸಾಕ್ಷ್ಯ ಬರೆದುಕೊಟ್ಟಂತೆ. ಸಂದೇಹವಿದ್ದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು.

ಎರಡನೆಯದು, ಕೆಟ್ಟ ಯಂತ್ರ. ಬಾಸೆಲ್ ಒಪ್ಪಂದದ ತಿದ್ದುಪಡಿಯಂತೆ 2025ರ ಜನವರಿ 1ರಿಂದ ಎಲ್ಲ ಬಗೆಯ ವಿದ್ಯುನ್ಮಾನ ತ್ಯಾಜ್ಯದ ಸಾಗಣೆಗೂ ಸಂಬಂಧಿಸಿದ ದೇಶಗಳ ಪೂರ್ವ ಒಪ್ಪಿಗೆ ಬೇಕು. ಕೆಲಸ ಮಾಡದ ಯಂತ್ರವನ್ನು ಸಡಿಲವಾಗಿ ತುಂಬಿ ಕಳುಹಿಸಿದರೆ ಅದು ತ್ಯಾಜ್ಯವೆಂದು ತಡೆಹಿಡಿಯಲ್ಪಡಬಹುದು. ತಂತ್ರಜ್ಞರ ಪರೀಕ್ಷಾ ವರದಿ, ಚಾಲನೆಯಲ್ಲಿರುವ ಛಾಯಾಚಿತ್ರ ಮತ್ತು ಭದ್ರ ಪ್ಯಾಕಿಂಗ್ ಇದಕ್ಕೆ ಉತ್ತರ.

ಮೂರನೆಯದು, ವಿದ್ಯುತ್ತು. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿನ ಯಂತ್ರವನ್ನು ಅಲ್ಲಿ ಹಾಗೆಯೇ ಬಳಸಲಾಗದು. ವಿದ್ಯುತ್ತಿನ ಆವರ್ತನವನ್ನು ಅನುಸರಿಸಿ ತಿರುಗುವ 50 ಹರ್ಟ್ಸಿನ ಹಳೆಯ ಮೋಟಾರು 60 ಹರ್ಟ್ಸಿನಲ್ಲಿ ಐದನೆಯ ಒಂದು ಭಾಗ ಹೆಚ್ಚು ವೇಗವಾಗಿ ತಿರುಗುತ್ತದೆ. ಆದ್ದರಿಂದ ರಾಟೆ ಬದಲಿಸಬೇಕಾಗುತ್ತದೆ. ಇದನ್ನು ಮೊದಲೇ ಬರೆದು ತಿಳಿಸದಿದ್ದಲ್ಲಿ ತಪ್ಪು ಮಾರಿದವನದೇ.

ನಾಲ್ಕನೆಯದು, ಪ್ಯಾಕಿಂಗ್. ಟರ್ನ್‌ಟೇಬಲ್ಲಿನ ಭಾರದ ತಟ್ಟೆಯನ್ನೂ ಆಂಪ್ಲಿಫೈಯರ್‌ನ ವಾಲ್ವ್‌ಗಳನ್ನೂ ಬಿಚ್ಚಿ ಬೇರೆಬೇರೆಯಾಗಿ ಸುತ್ತಬೇಕು. ಹಸಿ ಮರದ ಪೆಟ್ಟಿಗೆಗೆ ಐ.ಎಸ್.ಪಿ.ಎಂ. 15ರ ಸಂಸ್ಕರಣೆಯ ಮುದ್ರೆ ಕಡ್ಡಾಯ. ಪ್ಲೈವುಡ್‌ಗೆ ಅದು ಬೇಕಿಲ್ಲ. ಬಳ್ಳಾರಿಯಿಂದ ಬೆಂಗಳೂರಿನವರೆಗಿನ ಸುಮಾರು 300 ಕಿ.ಮೀ. ಲಾರಿ ಪ್ರಯಾಣವನ್ನು ತಾಳದ ಪೆಟ್ಟಿಗೆ ಸಮುದ್ರ ದಾಟುವ ಮಾತೇ ಇಲ್ಲ.

ಐದನೆಯದು ಎಲ್ಲಕ್ಕಿಂತ ಗಂಭೀರ: ಸುಳ್ಳು ಬೆಲೆ. ಕೊಳ್ಳುವವರಲ್ಲಿ ಕೆಲವರು ತಮ್ಮ ದೇಶದ ಸುಂಕ ತಪ್ಪಿಸಲು ‘ಉಡುಗೊರೆ ಎಂದು ಬರೆಯಿರಿ, ಬೆಲೆ 100 ಡಾಲರ್ ಎಂದು ತೋರಿಸಿ’ ಎಂದು ಕೇಳುವುದುಂಟು. 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕವು 2025ರ ಆಗಸ್ಟ್ 29ರಿಂದ ಅಮಾನತಿನಲ್ಲಿಟ್ಟಿತು. ಆ ನಂತರ ಇಂತಹ ಬೇಡಿಕೆಗೆ ಕಾರಣವೂ ಹೆಚ್ಚಿತು. ಒಪ್ಪಿದ ವರ್ತಕನು ಮೂರು ಕಡೆ ಸಿಲುಕುತ್ತಾನೆ. ಕಸ್ಟಮ್ಸ್ ಕಾಯಿದೆಯಡಿ ಅದು ಸುಳ್ಳು ಘೋಷಣೆ. ಬ್ಯಾಂಕಿಗೆ ಬಂದ 3,000 ಡಾಲರ್‌ಗೂ ಶಿಪ್ಪಿಂಗ್ ಬಿಲ್ಲಿನ 100 ಡಾಲರ್‌ಗೂ ತಾಳೆಯಾಗುವುದಿಲ್ಲ. ಸರಕು ಒಡೆದುಹೋದರೆ ವಿಮೆಯು ಘೋಷಿಸಿದ ಬೆಲೆಯನ್ನಷ್ಟೇ ಕೊಡುತ್ತದೆ. ಸುಂಕ ಉಳಿದದ್ದು ಕೊಂಡವನಿಗೆ, ಹೊಣೆ ಉಳಿದದ್ದು ಮಾರಿದವನಿಗೆ.

ಲೆಕ್ಕದ ಒಂದು ಮಾದರಿ

ಸಿರುಗುಪ್ಪದ ಒಂದು ಮನೆಯಿಂದ ಬಳ್ಳಾರಿಯ ವರ್ತಕನೊಬ್ಬನು ಒಂದು ಟರ್ನ್‌ಟೇಬಲ್ ಹಾಗೂ ವಾಲ್ವ್ ಆಂಪ್ಲಿಫೈಯರ್ ಕೊಂಡು, ಸಾಗಣೆ ವೆಚ್ಚ ಗ್ರಾಹಕನದೆಂಬ ಷರತ್ತಿನ ಮೇಲೆ 2,80,000 ರೂ.ಗೆ ಸಮನಾದ ವಿದೇಶಿ ಹಣಕ್ಕೆ ಮಾರಿದನೆಂದು ಭಾವಿಸಬಹುದು. ಕೆಳಗಿನ ಅಂಕಿಗಳು ವಿವರಣೆಗಾಗಿ ಮಾತ್ರ.

ಖರೀದಿ ಬೆಲೆ: 1,50,000 ರೂ.
ಪ್ರಯಾಣ ಮತ್ತು ತಂತ್ರಜ್ಞರ ಪರೀಕ್ಷೆ: 12,000 ರೂ.
ದುರಸ್ತಿ: 22,000 ರೂ.
ಪೆಟ್ಟಿಗೆ ಮತ್ತು ಪ್ಯಾಕಿಂಗ್: 9,000 ರೂ.
ಬೆಂಗಳೂರಿಗೆ ಸಾಗಣೆ: 5,000 ರೂ.
ಕಸ್ಟಮ್ಸ್ ಏಜೆಂಟ್ ಮತ್ತು ದಾಖಲೆ: 8,000 ರೂ.
ಬ್ಯಾಂಕ್ ಶುಲ್ಕ: 4,500 ರೂ.
ವಿಮೆ: 4,500 ರೂ.
ಒಟ್ಟು: 2,15,000 ರೂ.

ಮೇಲ್ನೋಟಕ್ಕೆ 1,30,000 ರೂ. ಎನಿಸಿದ್ದ ಲಾಭವು ಇಲ್ಲಿಗೆ 65,000 ರೂ.ಗೆ ಇಳಿಯಿತು. ಲೆಕ್ಕ ಇನ್ನೂ ಮುಗಿದಿಲ್ಲ. ಹತ್ತು ರವಾನೆಗಳಲ್ಲಿ ಒಂದು ತಕರಾರಿಗೆ ಬಂದು ಅರ್ಧ ಬೆಲೆ ಹಿಂದಿರುಗಿಸಬೇಕಾಯಿತೆಂದರೆ ಪ್ರತಿ ರವಾನೆಗೆ 14,000 ರೂ. ಮೀಸಲಿಡಬೇಕು. ಖರೀದಿ ಮತ್ತು ದುರಸ್ತಿಗೆ ಹಾಕಿದ 1,72,000 ರೂ. ಐದು ತಿಂಗಳು ಸಿಲುಕಿಕೊಂಡರೆ ಶೇ. 12ರಂತೆ ಬಡ್ಡಿ 8,600 ರೂ. ಉಳಿಯುವುದು 42,400 ರೂ.; ಎಂದರೆ ಮಾರಾಟದ ಸುಮಾರು ಶೇ. 15. ಆದಾಯ ತೆರಿಗೆ ಕಳೆಯುವ ಮೊದಲಿನ ಮೊತ್ತವಿದು. ಈ ಲೆಕ್ಕದಂತೆ ಖರೀದಿ ಬೆಲೆ 2,00,000 ರೂ.ಗೆ ಏರಿದರೆ ವ್ಯವಹಾರವು ನಷ್ಟದ್ದು.

ಸರಕು ಹಿಂದಿರುಗಿದರೆ

ಗ್ರಾಹಕನು ಯಂತ್ರವನ್ನು ಹಿಂದಿರುಗಿಸಿದಲ್ಲಿ ಅದು ಭಾರತಕ್ಕೆ ಆಮದು ಆದಂತೆಯೇ. ರಫ್ತಾದ ಸರಕು 3 ವರ್ಷದೊಳಗೆ ಮರಳಿದಲ್ಲಿ, ರಫ್ತಿನ ಮೇಲೆ ಪಡೆದ ಸೌಲಭ್ಯಗಳನ್ನು ಹಿಂದಿರುಗಿಸುವ ಷರತ್ತಿನೊಂದಿಗೆ 2017ರ 45ನೇ ಕಸ್ಟಮ್ಸ್ ಅಧಿಸೂಚನೆಯು ಸುಂಕದ ರಿಯಾಯಿತಿ ನೀಡಿದೆ. ಆದರೆ ಮರಳಿದ್ದು ಅದೇ ಯಂತ್ರವೆಂದು ಅಧಿಕಾರಿಗೆ ಮನದಟ್ಟಾಗಬೇಕು. ಶಿಪ್ಪಿಂಗ್ ಬಿಲ್ಲಿನಲ್ಲಿ ‘ಹಳೆಯ ಆಂಪ್ಲಿಫೈಯರ್, 1’ ಎಂದಷ್ಟೇ ಬರೆದವರಿಗೆ ಇದನ್ನು ಸಾಬೀತುಪಡಿಸುವುದು ಕಷ್ಟ; ಕ್ರಮಸಂಖ್ಯೆ ಬರೆದವರಿಗೆ ಸುಲಭ. ಕಾರ್ಡಿನ ಮೂಲಕ ಹಣ ಪಡೆದಿದ್ದಲ್ಲಿ ವಾರಗಳ ನಂತರವೂ ಗ್ರಾಹಕನು ತನ್ನ ಬ್ಯಾಂಕಿನ ಮೂಲಕ ಅದನ್ನು ಹಿಂಪಡೆಯಲು ಯತ್ನಿಸಬಹುದಾದ್ದರಿಂದ, ದೊಡ್ಡ ಮೊತ್ತಕ್ಕೆ ನೇರ ಬ್ಯಾಂಕ್ ವರ್ಗಾವಣೆಯೇ ಉತ್ತಮ.

ಉಪಸಂಹಾರ

ಹಳೆಯ ಧ್ವನಿಯಂತ್ರದ ರಫ್ತು ಜೀನ್ಸ್‌ನಂತೆ ಸಾವಿರಗಟ್ಟಲೆ ನಡೆಯುವ ವ್ಯಾಪಾರವಲ್ಲ. ಒಂದೊಂದೇ ವಸ್ತುವಿನ, ಒಂದೊಂದೇ ಗ್ರಾಹಕನ ವ್ಯಾಪಾರವಿದು. ಎಲೆಕ್ಟ್ರಾನಿಕ್ಸ್ ಅಂಗಡಿ ಅಥವಾ ದುರಸ್ತಿ ಕೆಲಸವಿರುವವರಿಗೆ ಉಪವೃತ್ತಿಯಾಗಿ ಒಪ್ಪುತ್ತದೆ. ಸಾಲ ತಂದು ಆರಂಭಿಸುವವರಿಗಲ್ಲ. ಕೈಹಾಕಬಯಸುವ ವರ್ತಕನು ಮೊದಲು ವಾಲ್ವ್‌ಗಳಂತಹ ಸಣ್ಣ ಬೆಲೆಯ ವಸ್ತುವಿನ ಒಂದೆರಡು ರವಾನೆ ಮಾಡಿ, ದಾಖಲೆಯ ದಾರಿಯನ್ನು ಒಮ್ಮೆ ಪೂರ್ತಿ ನಡೆದು ನೋಡುವುದು ಲೇಸು. ಯಂತ್ರದ ದೋಷವನ್ನು ಮೊದಲೇ ಬರೆದು ತಿಳಿಸಿದವನಿಗೆ ಎರಡನೆಯ ಗ್ರಾಹಕನನ್ನು ಮೊದಲನೆಯವನೇ ಕರೆತರುತ್ತಾನೆ. ಅಡತಿ ಅಂಗಡಿಯಲ್ಲಿ ಹೇಗೋ, ಕಡಲಾಚೆಯ ವ್ಯಾಪಾರದಲ್ಲಿಯೂ ಹಾಗೆಯೇ ಕೊನೆಗೆ ಉಳಿಯುವ ಬಂಡವಾಳ ನಂಬಿಕೆಯೇ.