ರಾತ್ರಿ ಮಗ್ಗ, ನೆರೆಮನೆಯ ನಿದ್ದೆ: ರಾಜಿಗೆ ಕೂರುವುದು ಹೇಗೆ?

ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಎಷ್ಟೋ ವಿದ್ಯುತ್ ಮಗ್ಗಗಳು ಮನೆಯೊಳಗೇ ಓಡುತ್ತವೆ. ಪಕ್ಕದವರಿಗೂ ಅದೇ ಗೋಡೆ. ಜಗಳ ಕೋರ್ಟಿಗೆ ಹೋದರೂ ಸಂಜೆ ಇಬ್ಬರೂ ಮರಳುವುದು ಅದೇ ಓಣಿಗೆ. ಹಾಗಾಗಿ ಮೊದಲು ಮಧ್ಯಸ್ಥಿಕೆ.

ಹಂತ 1: ದೂರನ್ನು ಬರೆದಿಡಿ
“ಸದ್ದು ಜಾಸ್ತಿ” ಎಂದರೆ “ಎಲ್ಲರ ಮನೆಯಲ್ಲೂ ಅಷ್ಟೇ” ಎಂಬ ಉತ್ತರ ಸಿದ್ಧವಿರುತ್ತದೆ. ಯಾವ ಹೊತ್ತಿಗೆ ಶುರು, ಎಷ್ಟು ಹೊತ್ತು, ಕಾಡುವುದು ಸದ್ದೋ ಗೋಡೆಯ ಅದುರೋ, ಒಂದು ವಾರ ಗುರುತು ಹಾಕಿ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು, ಸಾಕ್ಷ್ಯಕ್ಕೆ ಸಾಲದು.

ಹಂತ 2: ಮಧ್ಯಸ್ಥರನ್ನು ಆರಿಸಿ
ನೂಲು ಕೊಡುವ ಸಾಹುಕಾರರು ಬೇಡ, ಮುಂದಿನ ಚುನಾವಣೆಗೆ ನಿಲ್ಲುವವರಂತೂ ಬೇಡವೇ ಬೇಡ. ಇಬ್ಬರೂ ಒಪ್ಪುವ ನಿವೃತ್ತ ಮೇಷ್ಟ್ರಾದರೂ ಆದೀತು. ಅಂಥವರು ಸಿಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ; ಸಹಾಯವಾಣಿ 15100.

ಹಂತ 3: ಕಾರಣ ಕೇಳಿ
ಮೊದಲು ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ. “ರಾತ್ರಿ ನಿಲ್ಲಿಸಿ” ಎನ್ನುವ ಬದಲು “ರಾತ್ರಿ ಯಾಕೆ ಓಡಿಸುತ್ತೀರಿ?” ಎಂದು ಕೇಳಿ ನೋಡಿ. ಹಗಲು ಕರೆಂಟು ಕೈಕೊಟ್ಟಿರಬಹುದು. ಸೀರೆಗಿಷ್ಟು ಎಂದು ಕೂಲಿ ಪಡೆಯುವವರಿಗೆ ಮಗ್ಗ ನಿಂತರೆ ದುಡಿಮೆಯೂ ನಿಂತಂತೆ. ಆಚೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೋ, ಹಾಸಿಗೆ ಹಿಡಿದ ಅಜ್ಜನೋ ಇರಬಹುದು. ಇಷ್ಟು ಹೊರಬಿದ್ದರೆ ಮಾತಿನ ದಿಕ್ಕೇ ಬದಲಾಗುತ್ತದೆ: ಗೋಡೆಗೆ ತಾಗಿದ ಮಗ್ಗವೊಂದನ್ನೇ ರಾತ್ರಿ ನಿಲ್ಲಿಸಿದರೆ ಸಾಕೇ? ಮಗ್ಗದ ಕಾಲಡಿ ದಪ್ಪ ರಬ್ಬರ್ ಹಾಕಿದರೆ ಅದುರು ಎಷ್ಟು ತಗ್ಗೀತು? ಪರೀಕ್ಷೆ ಮುಗಿಯುವವರೆಗೆ ಮಾತ್ರ ಹೊತ್ತು ಬದಲಿಸಬಹುದೇ?

ಇಂಥ ಸಭೆಯಲ್ಲಿ ಮಾತಾಡುವವರು ಹೆಚ್ಚಾಗಿ ಗಂಡಸರು. ದಿನವಿಡೀ ಸದ್ದಿನ ನಡುವೆ ಇರುವವರು ಹೆಂಗಸರು. ಅವರನ್ನು ಬಿಟ್ಟು ಮಾಡಿಕೊಂಡ ರಾಜಿ ವಾರದೊಳಗೆ ಮುರಿದುಬಿದ್ದರೆ ಆಶ್ಚರ್ಯವಿಲ್ಲ.

ಹಂತ 4: ಕಾಗದಕ್ಕಿಳಿಸಿ
“ಸದ್ದು ಕಡಿಮೆ ಮಾಡುತ್ತೇನೆ” ಎಂಬ ಸಾಲು ಯಾತಕ್ಕೂ ಬಾರದು. ಯಾವ ಮಗ್ಗ, ಎಷ್ಟು ಗಂಟೆಗೆ ಬಂದ್, ರಬ್ಬರ್ ಯಾವ ತಾರೀಖಿನೊಳಗೆ, ಖರ್ಚು ಯಾರದು, ಮಾತು ತಪ್ಪಿದರೆ ಮೊದಲು ಯಾರಿಗೆ ತಿಳಿಸಬೇಕು, ಎಲ್ಲವನ್ನೂ ಬರೆಯಿರಿ. ಒಂದು ತಿಂಗಳು ನಡೆಸಿ ನೋಡಿ, ಬೇಕಾದರೆ ತಿದ್ದಿ. ಕೇಸು ಹೂಡುವ ಮೊದಲೇ ಇದನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ಅಲ್ಲಿ ದಾಖಲಾದ ರಾಜಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಅದರ ಮೇಲೆ ಅಪೀಲು ಇಲ್ಲ. ಓದಿ ಅರ್ಥವಾದ ಮೇಲೆಯೇ ಸಹಿ ಹಾಕಿ.

ಹಂತ 5: ಎಲ್ಲಿ ನಿಲ್ಲಿಸಬೇಕು?
ಎಲ್ಲ ಜಗಳವೂ ರಾಜಿಗೆ ಒಗ್ಗುವುದಿಲ್ಲ. ನೂಲಿಗೆ ಬಣ್ಣ ಹಾಕುವ ಘಟಕ ಸಂಸ್ಕರಿಸದ ನೀರನ್ನು ಕೆರೆಗೆ ಬಿಡುತ್ತಿದ್ದರೆ ಓಣಿಯವರೆಲ್ಲ ಒಪ್ಪಿದರೂ ಅದು ಸಕ್ರಮವಾಗದು. ನೇರವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಸರ ವಿವಾದ ಒಯ್ಯಲು 2010ರ ಕಾಯ್ದೆ ಕೊಡುವುದು ಆರು ತಿಂಗಳು, ಸರಿಯಾದ ಕಾರಣವಿದ್ದರೆ ಇನ್ನು 60 ದಿನ. ಮಾತುಕತೆ ನಡೆಯುತ್ತಿದೆಯೆಂದು ಆ ಗಡುವನ್ನು ಮರೆತು ಕೂರಬೇಡಿ. ಮೊದಲ ಸಭೆಯ ದಿನವೇ ಕೊನೆಯ ತಾರೀಖನ್ನು ಲೆಕ್ಕಹಾಕಿ ಬರೆದಿಟ್ಟುಕೊಳ್ಳಿ.