ಹೆಬ್ಬಾತು ಮತ್ತು ಹಿಂಗಾರಿ ಕಡಲೆ

ಹಿಂಗಾರಿ ಕಡಲೆ ಎಳೆಯದಾಗಿರುವ ದಿನಗಳಲ್ಲೇ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಯಲುಸೀಮೆಯ ಕೆರೆಗಳಿಗೆ ಇಳಿಯುತ್ತವೆ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿಮಾಡುವ ಈ ಹಕ್ಕಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಹೆಸರಾಂತ ಚಳಿಗಾಲದ ತಾಣ. 2024ರಲ್ಲಿ ಆ ಕೆರೆಯೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ರಾಮ್ಸಾರ್ ಪಟ್ಟಿಗೆ ಸೇರಿದವು. ಆದ್ದರಿಂದ ಕೊಟ್ಟೂರು ಸೀಮೆಯಲ್ಲಿ ಕೆರೆಯ ಬದಿಗೆ ಹೊಲವುಳ್ಳ ರೈತರು ಈ ಹಕ್ಕಿಯ ರೂಢಿಯನ್ನು ಅರಿತಿರುವುದು ಒಳಿತು.

ಹೆಬ್ಬಾತು ಹಗಲೆಲ್ಲ ನೀರಿನ ಬಳಿ ವಿಶ್ರಮಿಸಿ, ಹೆಚ್ಚಾಗಿ ಸಂಜೆ ಕತ್ತಲಾದ ಮೇಲೆ ಹಿಂಡುಹಿಂಡಾಗಿ ಹೊಲಕ್ಕಿಳಿಯುತ್ತದೆ. ಹಗಲಿನ ಕಾವಲು ಇದಕ್ಕೆ ಸಾಲದು. ಕುಡಿ ಚಿವುಟಿದರೆ ಕಡಲೆ ಕವಲೊಡೆಯುವುದು ನಿಜ. ಆದರೆ ಹೆಬ್ಬಾತು ಅಳತೆ ನೋಡಿ ಮೇಯುವುದಿಲ್ಲ, ಎಳೆ ಸಸಿಯನ್ನು ತುಳಿಯುತ್ತದೆ ಕೂಡ.

ಶೇಂಗಾ ಕಿತ್ತ ಹೊಲದಲ್ಲಿ ಉದುರಿದ ಕಾಯಿಯೂ ಇದಕ್ಕೆ ಇಷ್ಟವಾದ ಮೇವು. ಅಂಥ ಹೊಲವನ್ನು ಕೆಲವು ವಾರ ಉಳದೆ ಬಿಟ್ಟು, ಅಲ್ಲಿ ಹಕ್ಕಿಯನ್ನು ಬೆದರಿಸದೆ, ಕಡಲೆ ಹೊಲದಿಂದ ಮಾತ್ರ ಓಡಿಸಬೇಕು. ಎರಡೂ ಕಡೆ ಅಟ್ಟಿದರೆ ಹಸಿದ ಹಿಂಡು ಮತ್ತೆ ಕಡಲೆಗೇ ಮರಳುವುದು. ಮಿನುಗು ಪಟ್ಟಿ, ಬ್ಯಾಟರಿ ಬೆಳಕು, ತಮಟೆಯ ಸದ್ದು ಯಾವುದಾದರೂ ಸರಿ. ಒಂದೇ ಜಾಗದಲ್ಲಿದ್ದರೆ ಹಕ್ಕಿ ಬೇಗ ಒಗ್ಗಿಕೊಳ್ಳುತ್ತದೆ, ಜಾಗ ಬದಲಿಸುತ್ತಿರಬೇಕು.

ವಿಷದ ಕಾಳು ಚೆಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದನ್ನು ತಿಂದರೆ ನವಿಲೂ ಕುರಿಯೂ ಸಾಯುತ್ತವೆ.