ನಾವೆಗೂ ಬಂಡಿಗೂ ತಕ್ಕ ಹವ್ಯಾಸಿ ರೇಡಿಯೋ

ಮನೆಯಲ್ಲಿ ರೇಡಿಯೋ ಕೇಂದ್ರವನ್ನು ಹೂಡಿಕೊಂಡವರಿಗೆ ಗೋಡೆಯ ವಿದ್ಯುತ್ತೂ ಮಾಳಿಗೆಯ ಎತ್ತರವೂ ಸಹಜವಾಗಿ ದೊರೆಯುತ್ತವೆ. ನಾವೆಯನ್ನಾಗಲಿ ಮೋಟಾರು ಬಂಡಿಯನ್ನಾಗಲಿ ಮನೆ ಮಾಡಿಕೊಂಡವರಿಗೆ ಇವೆರಡೂ ಇಲ್ಲ. ಆದ್ದರಿಂದ ಅಂಗಡಿಯವನು ಮೊದಲು ತೋರಿಸುವ ಯಂತ್ರವನ್ನು ಅವರು ಕಡೆಗೆ ನೋಡತಕ್ಕದ್ದು. ಎಷ್ಟು ದೂರಕ್ಕೆ ಮಾತಾಡಬೇಕು, ಏರಿಯಲನ್ನು ಎಲ್ಲಿ ಕಟ್ಟಬೇಕು, ಬ್ಯಾಟರಿ ಎಷ್ಟು ದಿನ ಬಾಳುವದು ಎಂಬಿವನ್ನು ಮೊದಲು ಎಣಿಸಬೇಕು.

ಈ ಎಣಿಕೆಯ ಮೇಲೆ ಕೆಲವೊಮ್ಮೆ ಪ್ರಾಣಗಳೇ ನಿಂತಿರುತ್ತವೆ. 2004ರ ಡಿಸೆಂಬರದಲ್ಲಿ ಶ್ರೀಮತಿ ಭಾರತಿ ಪ್ರಸಾದರು ತಮ್ಮ ಸಂಗಡಿಗರೊಡನೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಿ ಕೇಂದ್ರವೊಂದನ್ನು ನಡಿಸುತ್ತಿದ್ದರು. ಆ ತಿಂಗಳ 26ರಂದು ಸುನಾಮಿ ಬಡಿದು ದೂರವಾಣಿಗಳು ಮೂಕವಾದಾಗ, ದ್ವೀಪದವರ ಕ್ಷೇಮಸಮಾಚಾರವನ್ನು ಭೂಖಂಡಕ್ಕೆ ಮುಟ್ಟಿಸಿದ್ದು ಈ ಕೇಂದ್ರವು. 2020ರ ಅಕ್ಟೋಬರದಲ್ಲಿ ನಮ್ಮ ಭೀಮೆ ಉಕ್ಕಿ ಈ ಜಿಲ್ಲೆಯ ಅನೇಕ ಊರುಗಳನ್ನು ನೀರು ಸುತ್ತುವರಿದದ್ದನ್ನು ಕಂಡವರಿಗೆ, ದೋಣಿಯಲ್ಲಿ ಹೊತ್ತೊಯ್ಯಬಹುದಾದ ರೇಡಿಯೋ ಎಂದರೆ ಏನೆಂಬದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ದೂರದ ಮಾತನ್ನು ಮೊದಲು ಎತ್ತಿಕೊಳ್ಳುವೆವು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವು 145 ಮೆಗಾಹರ್ಟ್ಸ್ ಸುಮಾರಿನ ತರಂಗಗಳಿಂದ ಕೆಲಸ ಮಾಡುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ನೆಟ್ಟಗೆ ಸಾಗುವದರಿಂದ ಭೂಮಿಯ ದುಂಡೇ ಅವಕ್ಕೆ ಅಡ್ಡ. ಏರಿಯಲಿನ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ಕಿಲೋಮೀಟರು ತಲಪುವದೆಂದು ತಿಳಿಯುತ್ತದೆ. ಜಗತ್‌ನ ಮನೆಯೊಂದರ ಮಾಳಿಗೆಯ ಮೇಲೆ 9 ಮೀಟರಿನ ಏರಿಯಲು ಇದೆಯೆನ್ನಿರಿ. ಅದಕ್ಕೆ 12 ಕಿಲೋಮೀಟರು. ಜೀಪಿನ ಮೇಲಿನ 2.25 ಮೀಟರಿನದಕ್ಕೆ 6. ಕೂಡಿಸಿದರೆ 18. ಕೆಂಬಾಳೆಯ ಕಮಲಾಪುರವಾದರೋ 30 ಕಿಲೋಮೀಟರಿಗೂ ಆಚೆ! ನಡುವೆ ಎತ್ತರದಲ್ಲಿ ಮರುಪ್ರಸಾರದ ಯಂತ್ರವಿಲ್ಲದಿದ್ದರೆ, ಎಷ್ಟು ಹಣ ತೆತ್ತು ಎಷ್ಟು ವಾಟಿನ ಯಂತ್ರ ಕೊಂಡರೂ ಅಲ್ಲಿಗೆ ಮಾತು ಮುಟ್ಟುವ ಭರವಸೆಯಿಲ್ಲ. ವಿದ್ಯಾರ್ಥಿನಿಯರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

7 ಮೆಗಾಹರ್ಟ್ಸಿನ ತರಂಗಗಳ ನಡತೆ ಬೇರೆ. ಅವು ಮೇಲೇರಿ, ವಾಯುಮಂಡಲದ ವಿದ್ಯುದಾವಿಷ್ಟ ಪದರದಿಂದ ಬಾಗಿ ಮರಳಿ ನೆಲಕ್ಕೆ ಬರುತ್ತವೆ. ಹಗಲಲ್ಲಿ ಕಲಬುರಗಿಯಿಂದ ಬೆಂಗಳೂರು ಮಂಗಳೂರುಗಳಿಗೆ ಮಾತಾಡಲು ಇವೇ ತಕ್ಕವು. ಪರದೇಶಗಳಿಗೆ 14 ಮೆಗಾಹರ್ಟ್ಸ್ ಒಳ್ಳೆಯದು. ಆದರೆ ತರಂಗವು ಉದ್ದವಾದಷ್ಟೂ ಏರಿಯಲೂ ಉದ್ದವಾಗಬೇಕು. 143ನ್ನು 7.1ರಿಂದ ಭಾಗಿಸಿದರೆ 20 ಮೀಟರು ಬರುತ್ತದೆ. ಎರಡು ತೋಳುಗಳಾಗಿ ಕಟ್ಟುವ ತಂತಿಯ ಒಟ್ಟು ಉದ್ದವಿದು. ಇದನ್ನು ಓಡುವ ಬಂಡಿಯ ಮೇಲೆ ಕಟ್ಟುವದೆಂತು? ಆದಕಾರಣ ಸುರುಳಿಯುಳ್ಳ ಗಿಡ್ಡ ಕೋಲನ್ನು ನಿಲ್ಲಿಸುತ್ತಾರೆ. ಅದು ಯಂತ್ರದ ಶಕ್ತಿಯಲ್ಲಿ ಬಹುಭಾಗವನ್ನು ಬಿಸಿಯಾಗಿಯೇ ಕಳೆಯುತ್ತದೆ. ಬಂಡಿಯು ರಾತ್ರಿ ತಂಗಿದಲ್ಲಿ ಎರಡು ಬೇವಿನ ಮರಗಳ ನಡುವೆ ತಂತಿಯನ್ನು ಕಟ್ಟುವದು ಲೇಸು. ಅದರ ಬೆಲೆಯೂ ಅತ್ಯಲ್ಪ.

ಹಾಯಿನಾವೆಗೆ ಸ್ತಂಭವನ್ನು ಹಿಂದಕ್ಕೆ ಬಿಗಿಯುವ ತಂತಿಯೇ ಉಂಟು. ಎರಡೂ ತುದಿಗೆ ವಿದ್ಯುತ್ತನ್ನು ತಡೆಯುವ ಬಿಲ್ಲೆ ಹಾಕಿದರೆ ಅದೇ ಏರಿಯಲು. ಕೆಳಗಿನ ಉಪ್ಪುನೀರಿನಷ್ಟು ಒಳ್ಳೆಯ ನೆಲೆ ಭೂಮಿಯ ಮೇಲೆ ಸಿಕ್ಕದು. ಹೊಳೆಯ ನೀರಿಗೆ ಆ ಗುಣವಿಲ್ಲ. 2017ರಿಂದ 2018ರವರೆಗೆ ನಮ್ಮ ನೌಕಾದಳದ ಆರು ಮಂದಿ ಸ್ತ್ರೀ ಅಧಿಕಾರಿಗಳು ಭೂಪ್ರದಕ್ಷಿಣೆ ಮಾಡಿದ ತಾರಿಣಿಯು ಹದಿನೇಳು ಮೀಟರು ಉದ್ದದ ನಾವೆ. ಅಷ್ಟು ಇಕ್ಕಟ್ಟಿನ ಬಾಳಿನಲ್ಲಿ ಒಂದೇ ತಂತಿ ಎರಡು ಕೆಲಸ ಮಾಡುವದು ಸಣ್ಣ ಲಾಭವಲ್ಲ.

ಇನ್ನು ಬ್ಯಾಟರಿ. 100 ವಾಟಿನ ಯಂತ್ರವು ಮಾತಾಡುವಾಗ ಸುಮಾರು 20 ಆಂಪಿಯರು ಕುಡಿಯುತ್ತದೆ. ಸುಮ್ಮನೆ ಕೇಳುತ್ತಿರುವಾಗ ಒಂದು. ದಿನಕ್ಕೆ ಅರ್ಧ ಗಂಟೆ ಮಾತಾಡಿ ಹತ್ತು ಗಂಟೆ ಕೇಳಿದರೆ, ಎರಡಕ್ಕೂ ಹತ್ತು ಹತ್ತರಂತೆ ಇಪ್ಪತ್ತು ಆಂಪಿಯರು-ಗಂಟೆಗಳ ವೆಚ್ಚ. ಮಾತಿಗಿಂತ ಕೇಳುವದು ಅಗ್ಗವೆಂದು ಎಣಿಸುವವರು ಇದನ್ನು ಗಮನಿಸಲಿ! ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದು ಬೇಗನೆ ಕೆಡುವದರಿಂದ, 80ರ ಬ್ಯಾಟರಿ ಎರಡು ದಿನಕ್ಕೆ ಮುಗಿಯುತ್ತದೆ. 10 ವಾಟಿನ ಚಿಕ್ಕ ಯಂತ್ರವಾದರೆ ಸುಮಾರು ಒಂದು ವಾರ. ಹತ್ತರಲ್ಲೊಂದು ಪಾಲಾದ ಶಕ್ತಿಯು ಕೇಳುವವರ ಅಳತೆಯಲ್ಲಿ ಎರಡು ಗೆರೆಗಳಷ್ಟೂ ಇಳಿಯುವದಿಲ್ಲ. ಎಂಜಿನು ನಿತ್ಯ ಓಡುವ ಬಂಡಿಗೆ 100 ವಾಟಿನದು ಇರಲಿ. ಬಿಸಿಲಿನ ಫಲಕವನ್ನೇ ನಂಬಿದ ನಾವೆಗೆ ಚಿಕ್ಕದನ್ನೇ ನಾವು ಆರಿಸುವೆವು. ಮಾತಿಗೆ ಗೊತ್ತಾದ ವೇಳೆಯೊಂದನ್ನು ಇಟ್ಟುಕೊಂಡು ಉಳಿದ ಹೊತ್ತು ಯಂತ್ರವನ್ನು ಆರಿಸಿಡುವದು ಅದಕ್ಕಿಂತಲೂ ಉತ್ತಮ.

ಕೇಂದ್ರ ಸರಕಾರದ ಪರವಾನಗಿಯಿಲ್ಲದೆ ಮಾತಾಡುವದು ಅಪರಾಧ. ಪರರ ಹಡಗಿನಲ್ಲಿ ಅದರ ನಾಯಕನ ಒಪ್ಪಿಗೆಯೂ, ಪರದೇಶದ ನೀರಿನಲ್ಲಿ ಆ ದೇಶದ ಅನುಮತಿಯೂ ಬೇಕು. ಸಮುದ್ರಕ್ಕೆ ಇಳಿಯುವವರು ಹವ್ಯಾಸಿ ಯಂತ್ರವೊಂದನ್ನೇ ನಂಬಬಾರದು. ಆಪತ್ತಿನ ಕರೆಗೆ 156.8 ಮೆಗಾಹರ್ಟ್ಸಿನ ಹದಿನಾರನೆಯ ವಾಹಿನಿಯುಳ್ಳ ನೌಕಾ ರೇಡಿಯೋ ಮೊದಲು ಇರಬೇಕು.

ಯಂತ್ರವನ್ನು ತಂದ ಮೇಲೆ ಸಿಗರೇಟು ಹೊತ್ತಿಸುವ ತೂತಿನಿಂದ ಅದಕ್ಕೆ ವಿದ್ಯುತ್ತು ಕೊಡಬೇಡಿರಿ. ದಪ್ಪ ತಂತಿಗಳನ್ನು ನೇರವಾಗಿ ಬ್ಯಾಟರಿಯಿಂದಲೇ ಎಳೆದು, ಬ್ಯಾಟರಿಗೆ ಅತಿ ಸಮೀಪದಲ್ಲಿ ಫ್ಯೂಜನ್ನು ಹಾಕಿರಿ. 20 ಆಂಪಿಯರು ಹರಿಯುವಾಗ ತಂತಿಯ ತಡೆಯು ಓಮಿನ ಇಪ್ಪತ್ತನೆಯ ಒಂದು ಪಾಲಿದ್ದರೂ ದಾರಿಯಲ್ಲಿಯೇ ಒಂದು ವೋಲ್ಟು ಹೋಗುತ್ತದೆ.